ಲೋಕಸಭೆಗೆ ಒಂದು ಪ್ರಶ್ನೆ ಕಳಿಸಿ, ಒಂದು ಮಸೂದೆ ಮಂಡಿಸುವಷ್ಟರಲ್ಲಿ

ಕಳೆದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಸಂಸದರು ಲೋಕಸಭೆಯಲ್ಲಿ ಎದ್ದು ನಿಂತು, ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸುವ ಒಂದು ಮಸೂದೆ ಮಂಡಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಅಲ್ಲಿಗೆ ಬರಲು ನಮಗೆ ಹನ್ನೊಂದು ತಿಂಗಳು ಬೇಕಾಯಿತು. ಕಾನೂನು ಓದಿ ಮುಗಿಸಿ ಅವರ ಕಚೇರಿಯಲ್ಲಿ ಸಹಾಯಕ್ಕೆ ಸೇರಿದಾಗ ನನಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ. ಕೇಳೋಣ ಅಂದರೆ ಕನ್ನಡದಲ್ಲಿ ಹೇಳುವವರೂ ಸಿಗಲಿಲ್ಲ. ನನ್ನ ಹಾಗೆ ಈ ಕೆಲಸಕ್ಕೆ ಬರುವವರಿಗೆ, ತಮ್ಮ ಸಂಸದರಿಂದ ಒಂದು ಪ್ರಶ್ನೆ ಕೇಳಿಸಬೇಕು ಅಂತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಹೋದ ವರ್ಷ ಮೇ ತಿಂಗಳಲ್ಲಿ. ನಮ್ಮ ಕ್ಷೇತ್ರದ ಒಂದು ಊರಿನಲ್ಲಿ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಉಸಿರುಗಟ್ಟಿ ತೀರಿಕೊಂಡಿದ್ದರು. ಅವರಲ್ಲಿ ಒಬ್ಬರ ಹೆಂಡತಿ ಕಚೇರಿಗೆ ಬಂದರು. ಪರಿಹಾರದ ಅರ್ಜಿ ಬರೆದುಕೊಟ್ಟೆ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದರು: "ಮೇಡಂ, ದುಡ್ಡು ಇವತ್ತಲ್ಲ ನಾಳೆ ಬರುತ್ತೆ. ಅವರನ್ನ ಒಳಗೆ ಇಳಿಸಿದವನ ಮೇಲೆ ಕೇಸು ಏನಾಯ್ತು? ಅದನ್ನ ಯಾರು ಹೇಳ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಸಂಸದರಿಗೆ ಹೇಳಿದೆ. "ಪ್ರಶ್ನೆ ಹಾಕೋಣಮ್ಮ, ಬರಿ" ಅಂದರು.

ಅದೇ ರಾತ್ರಿ ಕೂತು ಬರೆದೆ. ಇಬ್ಬರ ಸಾವು, ಗುತ್ತಿಗೆದಾರನ ಹೊಣೆಗೇಡಿತನ, ದೇಶದ ಪರಿಸ್ಥಿತಿ, ಎಲ್ಲ ಸೇರಿ ಎರಡು ಪುಟ. ಅದನ್ನು ಈಗ ಓದಿದರೆ ಒಂದು ಸಾಲೂ ಉಳಿಯುವಂಥದ್ದಲ್ಲ ಅಂತ ಗೊತ್ತಾಗುತ್ತದೆ. ಲೋಕಸಭೆಯ ನಿಯಮಗಳ ಪುಸ್ತಕದಲ್ಲಿ 41ನೇ ನಿಯಮ ಅಂತ ಇದೆ. ಹೊಸಬರು ಬೇರೆ ಏನನ್ನು ಓದದಿದ್ದರೂ ಅದನ್ನು ಓದಲೇಬೇಕು. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರಲ್ಲಿ ವಾದ ಇರಬಾರದು, ಆರೋಪ ಇರಬಾರದು, ವ್ಯಂಗ್ಯ ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ. 'ಹೀಗಾದರೆ ಏನು ಮಾಡುತ್ತೀರಿ' ಅಂತ ಊಹೆಯ ಮೇಲೆ ಕೇಳುವಂತಿಲ್ಲ. ಕೋರ್ಟಿನಲ್ಲಿರುವ ವಿಷಯ ಆಗದು. ಈಗಾಗಲೇ ಉತ್ತರ ಸಿಕ್ಕಿರುವುದನ್ನು ಮತ್ತೆ ಕೇಳಲಾಗದು. ಮುಖ್ಯವಾಗಿ, ಅದು ಕೇಂದ್ರ ಸರ್ಕಾರದ ಹೊಣೆಗೆ ಬರುವ ವಿಷಯವಾಗಿರಬೇಕು.

ಕೊನೆಯ ಮಾತಿನ ತೂಕ ನನಗೆ ಆಗ ಅರ್ಥವಾಗಲಿಲ್ಲ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನದು ಅಂದರೆ ಮಂತ್ರಿ ಸದನದಲ್ಲಿ ಎದ್ದು ಬಾಯಲ್ಲಿ ಉತ್ತರಿಸಬೇಕು, ಕೇಳಿದವರು ಅದರ ಮೇಲೆ ಎರಡು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದವು. ಒಬ್ಬ ಸದಸ್ಯರಿಗೆ ದಿನಕ್ಕೆ ಚುಕ್ಕೆಯದು ಒಂದೇ. ರಾಜ್ಯಸಭೆಯಲ್ಲಿ ಈ ಲೆಕ್ಕ 15 ಮತ್ತು 160. ಸಮಯವೂ ಬೇರೆ: ಲೋಕಸಭೆಯ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯದು ಮಧ್ಯಾಹ್ನ 12ಕ್ಕೆ.

ಇನ್ನು ಕಾಯುವ ಲೆಕ್ಕ. ಅಧಿವೇಶನ ಕರೆದ ಮೇಲೆ ಒಂದು ದಿನಾಂಕಗಳ ಪಟ್ಟಿ ಬರುತ್ತದೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ದಿನ ಹಂಚಿರುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಚಿವಾಲಯಕ್ಕೆ ವಾರದಲ್ಲಿ ಒಂದೇ ದಿನ. ಆ ದಿನಕ್ಕೆ ಹದಿನೈದು ಪೂರ್ತಿ ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. 'ಪೂರ್ತಿ ದಿನ' ಅಂದರೆ ನೋಟಿಸ್ ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಳೆಗಾಲದ ಅಧಿವೇಶನ ನಡೆಯುವುದೇ ಮೂರ್ನಾಲ್ಕು ವಾರ. ಅಧಿವೇಶನ ಶುರುವಾದ ಮೇಲೆ ಬರೆಯೋಣ ಅಂತ ಕೂತರೆ ಅರ್ಧದಷ್ಟು ದಿನಗಳು ಆಗಲೇ ಕೈತಪ್ಪಿರುತ್ತವೆ. ಪಟ್ಟಿ ಬಂದ ದಿನವೇ ಅದನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ. ನಾನು ಎರಡನೇ ಅಧಿವೇಶನದಿಂದ ಹಾಗೆ ಮಾಡಿದೆ.

ನೋಟಿಸ್ ಹೋಗುವುದು ಸದಸ್ಯರ ಪೋರ್ಟಲ್ ಮೂಲಕ. ಅಲ್ಲಿಗೆ ಸಂಸದರೇ ಲಾಗಿನ್ ಆಗಬೇಕು, ಓಟಿಪಿ ಅವರ ಫೋನಿಗೇ ಬರುತ್ತದೆ. ಸಹಾಯಕರು ಕರಡು ಬರೆದುಕೊಡಬಹುದು ಅಷ್ಟೆ. ನಮ್ಮ ಸಂಸದರು ವಾರದಲ್ಲಿ ನಾಲ್ಕು ದಿನ ಕ್ಷೇತ್ರದಲ್ಲಿ ಓಡಾಡುತ್ತಿರುತ್ತಾರೆ. ಕೊನೆಯ ದಿನದವರೆಗೂ ಬಿಟ್ಟುಕೊಂಡರೆ ಅವರು ನೆಟ್‌ವರ್ಕ್ ಇಲ್ಲದ ಯಾವುದೋ ಹಳ್ಳಿಯಲ್ಲಿರುತ್ತಾರೆ. ಎರಡು ದಿನ ಮೊದಲೇ ಕರಡು ಕಳಿಸಿ, ಅವರು ಓದಿ ಒಪ್ಪಿದ ಮೇಲೆ ಅವರ ಕೈಯಿಂದಲೇ ಹಾಕಿಸಿ. ಅವಸರಕ್ಕೆ ಪಾಸ್‌ವರ್ಡ್ ಇಸ್ಕೊಂಡು ನೀವೇ ಹಾಕುವ ಯೋಚನೆ ಬೇಡವೇ ಬೇಡ. ಕೇಳುವ ಹಕ್ಕು ಜನ ಅವರಿಗೆ ಕೊಟ್ಟದ್ದು, ನಮಗಲ್ಲ.

ಶುಲ್ಕ ಎಷ್ಟು ಅಂತ ಊರಿನವರು ನನ್ನನ್ನು ಕೇಳಿದ್ದುಂಟು. ಒಂದು ಪೈಸೆಯೂ ಇಲ್ಲ. ಪ್ರಶ್ನೆ ಕೇಳಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಅಪರಾಧ. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ 11 ಸಂಸದರನ್ನು ಸಂಸತ್ತಿನಿಂದಲೇ ಹೊರಹಾಕಿದರು, ಲೋಕಸಭೆಯಿಂದ ಹತ್ತು ಮಂದಿ, ರಾಜ್ಯಸಭೆಯಿಂದ ಒಬ್ಬರು.

ಜುಲೈನಲ್ಲಿ ನಮ್ಮ ಮೊದಲ ನೋಟಿಸ್ ಹೋಯಿತು. ಎರಡು ಪುಟವನ್ನು 150 ಪದಕ್ಕೆ ಇಳಿಸಿದ್ದೆ. ಆದರೆ ಮೂಲ ಪ್ರಶ್ನೆ ಅದೇ: ಈ ಊರಿನಲ್ಲಿ ಇಬ್ಬರು ಸತ್ತ ಪ್ರಕರಣದಲ್ಲಿ ಏನು ಕ್ರಮ ಆಗಿದೆ? ತಿರಸ್ಕೃತವಾಯಿತು. ಪೊಲೀಸ್, ಊರಿನ ನೈರ್ಮಲ್ಯ ಎರಡೂ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಒಂದು ಊರಿನ ಒಂದು ಎಫ್‌ಐಆರ್ ಬಗ್ಗೆ ಕೇಳುವ ಜಾಗ ವಿಧಾನಸಭೆ, ಲೋಕಸಭೆಯಲ್ಲ. ನನಗೆ ಅಳು ಬಂತು. ಆ ಹೆಂಗಸಿಗೆ ಏನು ಹೇಳಲಿ? ಸಂಸದರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. "ಕಾಯ್ದೆ ಕೇಂದ್ರದ್ದಲ್ವಾ? ಕಾಯ್ದೆ ಹಿಡ್ಕೊಂಡು ಕೇಳು" ಅಂದರು.

ಹೌದು, ಕಾಯ್ದೆ ಕೇಂದ್ರದ್ದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ. ಅದನ್ನು ಹಿಡಿದು ಎರಡನೇ ಪ್ರಶ್ನೆ ಬರೆದೆ. ಐದು ವರ್ಷಗಳಲ್ಲಿ ದೇಶದಲ್ಲಿ ಮಲ ಹೊರುವ ಕೆಲಸದಿಂದ ಎಷ್ಟು ಜನ ಸತ್ತಿದ್ದಾರೆ, ಎಷ್ಟು ಪರಿಹಾರ ಕೊಡಲಾಗಿದೆ? ಚುಕ್ಕೆ ಗುರುತು ಹಾಕಿ ಕಳಿಸಿದೆವು. ಇಲ್ಲಿ ಲಾಟರಿ ಇದೆ ಅನ್ನುವುದು ಗೊತ್ತಿರಲಿ. ಒಂದು ದಿನಕ್ಕೆ ಬರುವ ನೋಟಿಸುಗಳು ಇಪ್ಪತ್ತಕ್ಕಿಂತ ಎಷ್ಟೋ ಜಾಸ್ತಿ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹಿರಿಯ ಸದಸ್ಯರು, ಹೊಸಬರು ಅನ್ನುವ ಭೇದ ಇಲ್ಲ. ನಮ್ಮದು ಇಪ್ಪತ್ತರೊಳಗೆ ಬರದೆ ಚುಕ್ಕೆ ಇಲ್ಲದ ಪಟ್ಟಿಗೆ ಹೋಯಿತು. ಇಪ್ಪತ್ತರೊಳಗೆ ಬಂದರೂ ಸದನದಲ್ಲಿ ಬಾಯಲ್ಲಿ ಉತ್ತರ ಸಿಗುವುದು ಸಾಮಾನ್ಯವಾಗಿ ಮೊದಲ ಐದಾರಕ್ಕೆ ಮಾತ್ರ. ಉಳಿದವಕ್ಕೆ ಲಿಖಿತ ಉತ್ತರವೇ.

ಅಧಿವೇಶನದ ಕೊನೆಯ ವಾರ ಉತ್ತರ ಬಂತು. ಪ್ರಶ್ನೋತ್ತರ ವೇಳೆ ಮುಗಿದ ಮೇಲೆ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ಕೈ ನಡುಗುತ್ತಾ ತೆರೆದೆ. ಮಲ ಹೊರುವ ಕೆಲಸದಿಂದ ಯಾವುದೇ ಸಾವು ವರದಿಯಾಗಿಲ್ಲ ಅಂತಿತ್ತು.

ನಮ್ಮ ಊರಿನ ಇಬ್ಬರು ನನ್ನ ಕಣ್ಣ ಮುಂದೆ ಇದ್ದರು. ಯಾವುದೇ ಸಾವು ಇಲ್ಲ ಅಂದರೆ?

ಆ ರಾತ್ರಿ ಕಾಯ್ದೆಯನ್ನು ಮೊದಲಿನಿಂದ ಓದಿದೆ. ಎರಡನೇ ಸೆಕ್ಷನ್ನಿನಲ್ಲಿ ಎರಡು ಬೇರೆ ಬೇರೆ ವ್ಯಾಖ್ಯೆಗಳಿವೆ. 'ಮಲ ಹೊರುವವರು' ಅನ್ನುವುದು ಒಂದು. ಒಳಚರಂಡಿಗೆ, ಮಲಗುಂಡಿಗೆ ಇಳಿಸಿ ಮಾಡಿಸುವ 'ಅಪಾಯಕಾರಿ ಶುಚಿಗೊಳಿಸುವಿಕೆ' ಇನ್ನೊಂದು. ನಾನು ಕೇಳಿದ್ದು ಮೊದಲನೆಯದನ್ನು. ಸಾವುಗಳು ಲೆಕ್ಕಕ್ಕೆ ಬರುವುದು ಎರಡನೆಯದರಲ್ಲಿ. 2021ರಲ್ಲಿ ರಾಜ್ಯಸಭೆಯಲ್ಲೂ ಇದೇ ಆಗಿತ್ತು. ಮಲ ಹೊರುವ ಕೆಲಸದಿಂದ ಸಾವು ವರದಿಯಾಗಿಲ್ಲ ಎಂಬ ಉತ್ತರಕ್ಕೆ ದೇಶದಾದ್ಯಂತ ಜನ ಸಿಟ್ಟಾಗಿದ್ದರು. ಹಳೆಯ ಪ್ರಶ್ನೋತ್ತರಗಳೆಲ್ಲ ಜಾಲತಾಣದಲ್ಲೇ ಇವೆ. ಮೊದಲೇ ಹುಡುಕಿದ್ದರೆ ನನಗೆ ಒಂದು ಅಧಿವೇಶನ ಉಳಿಯುತ್ತಿತ್ತು. ನೀವು ಈ ತಪ್ಪು ಮಾಡಬೇಡಿ. ಬರೆಯುವ ಮೊದಲು ಅದೇ ವಿಷಯದ ಕನಿಷ್ಠ ಹತ್ತು ಹಳೆಯ ಉತ್ತರ ಓದಿ. ಅವರು ಯಾವ ಪದ ಬಳಸುತ್ತಾರೋ ಆ ಪದದಲ್ಲೇ ಕೇಳಿ. ಬಾಗಿಲು ತೆರೆಯುವುದು ಆ ಒಂದು ಪದದಿಂದ.

ಚಳಿಗಾಲದ ಅಧಿವೇಶನಕ್ಕೆ ಮೂರನೇ ಪ್ರಶ್ನೆ. ಈ ಸಲ ಒಂದೊಂದು ಪದವನ್ನೂ ಕಾಯ್ದೆಯಿಂದಲೇ ಎತ್ತಿಕೊಂಡೆ. ಒಳಚರಂಡಿ ಮತ್ತು ಮಲಗುಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಯಲ್ಲಿ ಐದು ವರ್ಷಗಳಲ್ಲಿ ಸತ್ತವರು, ರಾಜ್ಯವಾರು ಮತ್ತು ವರ್ಷವಾರು. ಪೂರ್ತಿ ಪರಿಹಾರ ಸಿಕ್ಕ ಕುಟುಂಬಗಳೆಷ್ಟು, ಭಾಗಶಃ ಸಿಕ್ಕವೆಷ್ಟು. ಇಂಥ ಕೆಲಸಕ್ಕೆ ಇಳಿಸುವುದನ್ನು ನಿಷೇಧಿಸುವ 7ನೇ ಸೆಕ್ಷನ್ ಉಲ್ಲಂಘನೆಗೆ ದಾಖಲಾದ ಪ್ರಕರಣಗಳೆಷ್ಟು, ಶಿಕ್ಷೆಯಾದವು ಎಷ್ಟು. ಲಾಟರಿಯನ್ನು ನಂಬಿ ಕೂರುವುದು ಬೇಡ ಅಂತ ಚುಕ್ಕೆ ಇಲ್ಲದೆಯೇ ಕಳಿಸಿದೆವು. ಅಂಕಿಅಂಶ ಬೇಕಿದ್ದರೆ ನನ್ನ ಪ್ರಕಾರ ಅದೇ ಒಳ್ಳೆಯ ದಾರಿ. ಮಂತ್ರಿಯನ್ನು ಎದುರಿಗೆ ನಿಲ್ಲಿಸಿ ಕೇಳಬೇಕಾದಾಗ ಚುಕ್ಕೆ ಹಾಕಿ.

ಕೋಷ್ಟಕ ಬಂತು. ರಾಜ್ಯಗಳ ಹೆಸರು, ವರ್ಷಗಳು, ಸಂಖ್ಯೆಗಳು. ನಮ್ಮ ರಾಜ್ಯದ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ. ಅವರಿಬ್ಬರೂ ಅದರೊಳಗೆ ಇದ್ದರು. ಆದರೆ ಪ್ರಕರಣ ಮತ್ತು ಶಿಕ್ಷೆಯ ಭಾಗಕ್ಕೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಅಂತ ಬರೆದಿತ್ತು.

ಇಂಥ ಉತ್ತರ ಬಂದರೆ ಎದೆಗುಂದಬೇಡಿ. ಆ ಸಾಲು ಒಂದು ಭರವಸೆ. ಲೋಕಸಭೆಯಲ್ಲಿ ಸರ್ಕಾರದ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಮಂತ್ರಿಗಳು ಸದನಕ್ಕೆ ಕೊಟ್ಟ ಮಾತನ್ನು ಅದು ದಾಖಲಿಸಿಕೊಂಡು ಬೆನ್ನು ಹತ್ತುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಉತ್ತರದ ಪ್ರತಿ, ಪ್ರಶ್ನೆಯ ಸಂಖ್ಯೆ, ದಿನಾಂಕ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಸಂಸದರಿಂದ ಸಮಿತಿಗೆ ಒಂದು ಪತ್ರ ಬರೆಸಿ.

ಈ ಮಧ್ಯೆ 377ನೇ ನಿಯಮದ ಕೆಳಗೂ ವಿಷಯ ಎತ್ತಿದೆವು. ಅದು ಪ್ರಶ್ನೆಯಲ್ಲ, 250 ಪದದೊಳಗಿನ ಒಂದು ಹೇಳಿಕೆ. ತಕ್ಷಣ ಉತ್ತರ ಬರುವುದಿಲ್ಲ, ಆದರೆ ಕಡತಕ್ಕೆ ಸೇರುತ್ತದೆ. ಸಂಸದರು ಆವತ್ತು ಕನ್ನಡದಲ್ಲಿ ಮಾತಾಡಿದರು. ಸದನದ ಭಾಷೆ ಹಿಂದಿ ಅಥವಾ ಇಂಗ್ಲಿಷ್ ಅಂತ ಸಂವಿಧಾನದ 120ನೇ ವಿಧಿ ಹೇಳಿದರೂ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅವಕಾಶ ಕೊಡಬಹುದು. ಕನ್ನಡಕ್ಕೆ ಅನುವಾದಕರೂ ಇದ್ದಾರೆ. ಮೊದಲೇ ತಿಳಿಸಿದರೆ ಒಳ್ಳೆಯದು. 'ಮ್ಯಾನ್‌ಹೋಲ್‌ಗೆ ಇಳಿಸಿದರು' ಅನ್ನುವ ಮಾತು ಕನ್ನಡದಲ್ಲೇ ಆ ಸಭೆಯಲ್ಲಿ ಕೇಳಿದಾಗ ನನಗೆ ಆದದ್ದನ್ನು ಹೇಳಲಾರೆ. ನನ್ನ ಪಾಸಿಗೆ ಸದನದೊಳಗೆ ಪ್ರವೇಶವಿಲ್ಲ. ಹೊರಗೆ ಟಿವಿಯಲ್ಲಿ ನೋಡಿದೆ.

ಮಸೂದೆಯ ಯೋಚನೆ ಬಂದದ್ದು ಆ ವ್ಯಾಖ್ಯೆಯನ್ನು ಮತ್ತೆ ಮತ್ತೆ ಓದಿದಾಗ. ಉದ್ಯೋಗದಾತ ಸುರಕ್ಷಾ ಸಾಧನ ಕೊಡದೆ, ಮುನ್ನೆಚ್ಚರಿಕೆ ಪಾಲಿಸದೆ ಇಳಿಸಿದರೆ ಮಾತ್ರ ಅದು 'ಅಪಾಯಕಾರಿ'. ಅಂದರೆ ಕಾಗದದಲ್ಲಿ ಒಂದು ಜೊತೆ ಗ್ಲೌಸ್, ಒಂದು ಮಾಸ್ಕ್ ಕೊಟ್ಟಿದ್ದೇನೆ ಅಂತ ತೋರಿಸಿದವನಿಗೆ ವಾದಿಸಲು ಜಾಗ ಇದೆ. ಮನುಷ್ಯರನ್ನು ಒಳಗೆ ಇಳಿಸುವುದೇ ನಿಷಿದ್ಧ ಅಂತ ಬರೆಯಬೇಕು ಅನ್ನಿಸಿತು. ಪರಿಹಾರವೂ ಕಾಯ್ದೆಯೊಳಗೆ ಬರಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಅಂದಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಎರಡೂ ತೀರ್ಪಿನಲ್ಲಿವೆ, ಕಾಯ್ದೆಯ ಪುಟದಲ್ಲಿಲ್ಲ.

ಮಂತ್ರಿಯಲ್ಲದ ಯಾವ ಸದಸ್ಯರೂ (ಇವರನ್ನೇ 'ಖಾಸಗಿ ಸದಸ್ಯರು' ಅನ್ನುವುದು) ಮಸೂದೆ ತರಬಹುದು, ಆಡಳಿತ ಪಕ್ಷದವರೂ ಸರಿ, ವಿರೋಧ ಪಕ್ಷದವರೂ ಸರಿ. ಒಂದು ತಿಂಗಳ ನೋಟಿಸ್ ಬೇಕು. ಮಸೂದೆಯ ಜೊತೆ ಏನೇನು ಬೇಕು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮೊದಲ ಕರಡಿನಲ್ಲಿ ಅರ್ಧ ಇರಲಿಲ್ಲ. ಉದ್ದೇಶ ಮತ್ತು ಕಾರಣಗಳ ಹೇಳಿಕೆ ಬೇಕು. ತಿದ್ದುಪಡಿಯಾದರೆ ಮೂಲ ಕಾಯ್ದೆಯ ಆ ಸೆಕ್ಷನ್‌ಗಳನ್ನು ಕೊನೆಯಲ್ಲಿ ಲಗತ್ತಿಸಬೇಕು. ಸರ್ಕಾರಕ್ಕೆ ನಿಯಮ ಮಾಡುವ ಅಧಿಕಾರ ಕೊಡುತ್ತಿದ್ದರೆ ಅದಕ್ಕೊಂದು ಟಿಪ್ಪಣಿ. ಖರ್ಚಿದ್ದರೆ ಹಣಕಾಸಿನ ಟಿಪ್ಪಣಿ, ಅದರಲ್ಲಿ ಒಂದು ಸಲದ ಖರ್ಚೆಷ್ಟು, ವರ್ಷ ವರ್ಷದ್ದೆಷ್ಟು ಅಂತ ಅಂದಾಜು.

ಈ ಹಣಕಾಸಿನ ಟಿಪ್ಪಣಿಯೇ ನಮ್ಮನ್ನು ಮೂರು ವಾರ ಹಿಡಿದಿಟ್ಟಿತು. ನಾನು ಕೇಂದ್ರ ಸರ್ಕಾರದ ಒಂದು ಪರಿಹಾರ ನಿಧಿ ಅಂತ ಬರೆದಿದ್ದೆ. ಕೇಂದ್ರದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಖರ್ಚಾಗುವ ಮಸೂದೆಯನ್ನು ಸದನ ಅಂಗೀಕರಿಸಬೇಕಾದರೆ 117ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಬೇಕು. ಚರ್ಚೆಯ ಹೊಸ್ತಿಲಲ್ಲಿ ಅದು ದೊಡ್ಡ ತಡೆ. ನಿಧಿ ಇಡೋಣವೇ ಬಿಡೋಣವೇ ಅಂತ ನನಗೂ ಸಂಸದರಿಗೂ ವಾದವೇ ಆಯಿತು. ಕೊನೆಗೆ ಬಿಟ್ಟೆವು. ಹೊಣೆಯನ್ನು ಕೆಲಸ ಮಾಡಿಸಿದ ಸಂಸ್ಥೆ ಮತ್ತು ಗುತ್ತಿಗೆದಾರನ ಮೇಲೆ ಹಾಕಿದೆವು. ಅದೇ ಸರಿ ಅಂತ ಈಗಲೂ ಅನ್ನಿಸುತ್ತದೆ. ಇಳಿಸಿದವನೇ ಕೊಡಬೇಕು.

ಖರ್ಚಿನ ಮಾತು ಬಂದದ್ದಕ್ಕೆ: ಮಸೂದೆಗೂ ಶುಲ್ಕ ಇಲ್ಲ. ನಮಗೆ ಆದದ್ದು ಮಾಹಿತಿ ಹಕ್ಕಿನ ಅರ್ಜಿಗಳಿಗೆ ತಲಾ 10 ರೂಪಾಯಿ, ಜೆರಾಕ್ಸ್, ಎರಡು ಊರಿಗೆ ಹೋಗಿ ಕಾರ್ಮಿಕರ ಮನೆಗಳಲ್ಲಿ ಮಾತಾಡಿಸಿದ ಬಸ್ ಖರ್ಚು. ಒಬ್ಬ ಹಿರಿಯ ವಕೀಲರು ಕರಡನ್ನು ಮೂರು ಸಲ ತಿದ್ದಿಕೊಟ್ಟು ಏನೂ ತೆಗೆದುಕೊಳ್ಳಲಿಲ್ಲ. ನಿಜವಾದ ಖರ್ಚು ನಿದ್ದೆಯದು.

ಖಾಸಗಿ ಸದಸ್ಯರ ಕೆಲಸಕ್ಕೆ ಲೋಕಸಭೆಯಲ್ಲಿ ಮೀಸಲಿರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ನಮ್ಮ ಮಸೂದೆ ಪಟ್ಟಿಯಲ್ಲಿದ್ದ ಮೊದಲ ಶುಕ್ರವಾರ ಗದ್ದಲವಾಗಿ ಸದನವನ್ನು ಮಧ್ಯಾಹ್ನಕ್ಕೆ ಮೊದಲೇ ಮುಂದೂಡಿದರು. ಸಂಸದರು ಊರಿನ ವಿಮಾನದ ಟಿಕೆಟ್ ರದ್ದು ಮಾಡಿ ಉಳಿದುಕೊಂಡಿದ್ದರು. ಅವರು ಏನೂ ಮಾತಾಡದೆ ಕಾರು ಹತ್ತಿದರು. ಮತ್ತೆ ಎರಡು ವಾರ ಕಾಯಬೇಕಾಯಿತು. ಶುಕ್ರವಾರ ಸಂಜೆ ಕ್ಷೇತ್ರದಲ್ಲಿ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ ಅಂತ ಸಂಸದರಿಗೆ ಮೊದಲೇ ಹೇಳಿಡಿ. ಹೆಸರು ಕರೆದಾಗ ಅವರು ಅಲ್ಲಿ ಇರಲೇಬೇಕು.

ಆ ಇನ್ನೊಂದು ಶುಕ್ರವಾರ ಹೆಸರು ಕರೆದರು. ಮಸೂದೆ ಮಂಡಿಸಲು ಅನುಮತಿ ಕೋರುತ್ತೇನೆ ಅಂದರು ಸಂಸದರು. ಸದನ 'ಹೌದು' ಅಂದಿತು. ಮಂಡಿಸುತ್ತೇನೆ ಅಂದರು. ಮುಂದಿನ ಹೆಸರು ಕರೆದಾಯಿತು. ಅಷ್ಟೇ.

ಮುಂದೇನು ಅಂತ ಎಲ್ಲರೂ ಕೇಳುತ್ತಾರೆ. ಚರ್ಚೆಗೆ ಬರಬೇಕಾದರೆ ಮತ್ತೆ ಚೀಟಿ ಎತ್ತುತ್ತಾರೆ. ಲೋಕಸಭೆ ವಿಸರ್ಜನೆಯಾದರೆ ಮಸೂದೆಯೂ ಬಿದ್ದುಹೋಗುತ್ತದೆ. ಸ್ವಾತಂತ್ರ್ಯ ಬಂದಾಗಿನಿಂದ ಎರಡೂ ಸದನ ದಾಟಿ ಕಾಯ್ದೆಯಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಇದು ಗೊತ್ತಿದ್ದೂ ಮಾಡಿದೆವು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ ತಂದ ಖಾಸಗಿ ಮಸೂದೆಯನ್ನು 2015ರ ಏಪ್ರಿಲ್‌ನಲ್ಲಿ ರಾಜ್ಯಸಭೆ ಅಂಗೀಕರಿಸಿತು. ಅದು ಲೋಕಸಭೆ ದಾಟಲಿಲ್ಲ. ಆದರೆ ಸರ್ಕಾರವೇ ತನ್ನದೊಂದು ಮಸೂದೆ ತಂದು 2019ರಲ್ಲಿ ಕಾಯ್ದೆಯಾಯಿತು. ಅದರಲ್ಲಿ ಎಲ್ಲ ಸರಿಯಿಲ್ಲ ಅಂತ ಆ ಸಮುದಾಯದವರೇ ಹೇಳಿದ್ದಾರೆ. ಆದರೂ ವಿಷಯ ಸದನದ ಕಾಗದದ ಮೇಲೆ ಬಂದದ್ದು ಆ ಒಂದು ಶುಕ್ರವಾರದ ಕೆಲಸದಿಂದ.

ಪ್ರಕರಣ ಮತ್ತು ಶಿಕ್ಷೆಯ ಲೆಕ್ಕ ಇನ್ನೂ ಬಂದಿಲ್ಲ. ಮೂರು ತಿಂಗಳು ಕಳೆದಿದೆ. ಭರವಸೆಗಳ ಸಮಿತಿಗೆ ಹೋದ ವಾರ ಪತ್ರ ಹೋಗಿದೆ. ಮಳೆಗಾಲದ ಅಧಿವೇಶನಕ್ಕೆ ಈ ಸಲ ಚುಕ್ಕೆ ಹಾಕಿಯೇ ಕೇಳುತ್ತೇವೆ. ಮೇಲಿನ ಐದರಲ್ಲಿ ನಮ್ಮ ಚೀಟಿ ಬಂದರೆ ಬೇಕಾಗುತ್ತದೆ ಅಂತ ಉಪಪ್ರಶ್ನೆ ಎರಡನ್ನೂ ಈಗಲೇ ಬರೆದಿಟ್ಟಿದ್ದೇನೆ. ಮೊದಲನೆಯದು ವ್ಯಾಖ್ಯೆಯ ಬಗ್ಗೆ. ಎರಡನೆಯದು ಆ ಹೆಂಗಸು ಬಾಗಿಲಲ್ಲಿ ನಿಂತು ಕೇಳಿದ್ದೇ, ಇಡೀ ದೇಶಕ್ಕೆ ಅನ್ವಯಿಸಿ: 2013ರಿಂದ ಇಲ್ಲಿಯವರೆಗೆ ಒಳಗೆ ಇಳಿಸಿದವರಲ್ಲಿ ಎಷ್ಟು ಜನರಿಗೆ ಶಿಕ್ಷೆಯಾಗಿದೆ?